ಪುಟ್ಟನ ಎದೆಯೊಳಗೆ ಏನಿತ್ತು?

ಪುಟ್ಟನಿಗೆ ಮೂರು ವರ್ಷ. ಐದು ದಿನದಿಂದ ಜ್ವರ, ಕೆಮ್ಮು. ಅಜ್ಜಿ ಕಷಾಯ ಕುಡಿಸಿದರು. ಕಡಿಮೆ ಆಗಲಿಲ್ಲ.

ಆಶಾ ಅಕ್ಕ ಮನೆಗೆ ಬಂದರು. ಮಗುವಿನ ಅಂಗಿ ಮೇಲೆತ್ತಿದರು. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು. 52 ಸಲ! ಉಸಿರು ಎಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು.

"ತಡ ಮಾಡಬೇಡ ತಂಗಿ. ಈ ವಯಸ್ಸಿನ ಮಗು ನಿಮಿಷಕ್ಕೆ 40 ಸಲ, ಇಲ್ಲವೇ ಇನ್ನೂ ಹೆಚ್ಚು ಉಸಿರಾಡಿದರೆ ಅಪಾಯ. ನ್ಯುಮೋನಿಯಾ ಇರಬಹುದು. ಈಗಲೇ ಆಸ್ಪತ್ರೆಗೆ ಹೋಗೋಣ" ಅಂದರು.

ಆಸ್ಪತ್ರೆಯಲ್ಲಿ ಪುಟ್ಟನಿಗೆ ಆಕ್ಸಿಜನ್ ಹಚ್ಚಿದರು. ಇಂಜೆಕ್ಷನ್ ಕೊಟ್ಟರು. ಎರಡು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಡಾಕ್ಟರಮ್ಮ, "ಎದೆಯ ಎಕ್ಸ್‌ರೇ ತೆಗೆಯಬೇಕು" ಅಂದರು.

ಅಜ್ಜಿ ಹೆದರಿದರು. "ಬೇಡ ತಾಯಿ. ಆ ಕಿರಣ ಎಳೆ ಮೈಗೆ ಆಗೋದಿಲ್ಲ. ಮಗೂನ ಮನೆಗೆ ಕರಕೊಂಡು ಹೋಗ್ತೀವಿ."

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿದರು.

"ಅಜ್ಜೀ, ನಿಮ್ಮ ಮಾತಲ್ಲಿ ಸ್ವಲ್ಪ ನಿಜ ಇದೆ. ಎಕ್ಸ್‌ರೇ ಕಿರಣ ಮೈಯನ್ನು ತೂರಿ ಹೋಗ್ತದೆ. ಅತಿಯಾದರೆ ಕೆಡುಕು. ಮಕ್ಕಳದು ಬೆಳೆಯುವ ಮೈ. ಅದಕ್ಕೇ ಸುಮ್ಮಸುಮ್ಮನೆ ತೆಗೆಯೋದಿಲ್ಲ. ಆದರೆ ಎದೆಯ ಒಂದು ಎಕ್ಸ್‌ರೇಯಲ್ಲಿ ಕಿರಣ ಬಹಳ ಕಡಿಮೆ. ನೆಲದಿಂದ, ಆಕಾಶದಿಂದ ದಿನಾ ನಮ್ಮ ಮೈಗೆ ಇಂಥ ಕಿರಣ ತಾಗುತ್ತಲೇ ಇರ್ತದೆ. ಕೆಲವು ದಿನದಲ್ಲಿ ತಾಗುವಷ್ಟು ಈ ಎಕ್ಸ್‌ರೇಯಲ್ಲಿ ಇರ್ತದೆ, ಅಷ್ಟೇ. ಬೇಕಾದಾಗ ತೆಗೆಸದೆ ಮನೆಗೆ ಹೋದರೆ ಅದೇ ದೊಡ್ಡ ಅಪಾಯ."

ಅಜ್ಜಿ ಒಪ್ಪಿದರು. ಎಕ್ಸ್‌ರೇಯಲ್ಲಿ ಎದೆಯ ಬಲಭಾಗ ಬೆಳ್ಳಗೆ ಕಂಡಿತು.

"ಶ್ವಾಸಕೋಶವೇ ಗಟ್ಟಿಯಾಗಿದೆಯಾ? ಇಲ್ಲಾ ಅದರ ಸುತ್ತ ನೀರು ತುಂಬಿದೆಯಾ? ಎಕ್ಸ್‌ರೇಯಲ್ಲಿ ಎರಡೂ ಬೆಳ್ಳಗೇ ಕಾಣ್ತವೆ. ಸ್ಕ್ಯಾನಿಂಗ್ ಮಾಡಿ ನೋಡೋಣ" ಅಂದರು ಡಾಕ್ಟರಮ್ಮ.

ತಾಯಿ ಕೇಳಿದಳು: "ಬಸುರಿಯಾಗಿದ್ದಾಗ ನನಗೆ ಮಾಡಿದ್ರಲ್ಲ, ಅದಾ?"

"ಅದೇ ಅಮ್ಮ. ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಬರೀ ಶಬ್ದ."

ಶಬ್ದ ನೋಡುವುದು ಹೇಗೆ?

ಬಾವಿಗೆ ಬಗ್ಗಿ ಕೂಗಿ. ನಿಮ್ಮ ದನಿ ವಾಪಸ್ಸು ಬರುತ್ತದೆ. ಸ್ಕ್ಯಾನಿಂಗ್ ಯಂತ್ರವೂ ಹೀಗೇ ಮೈಯೊಳಗೆ ಶಬ್ದ ಕಳಿಸುತ್ತದೆ. ವಾಪಸ್ಸು ಬಂದ ಶಬ್ದದಿಂದ ಚಿತ್ರ ಮಾಡುತ್ತದೆ. ಆ ಶಬ್ದ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಅದುರುತ್ತದೆ. ಅದು ನಮ್ಮ ಕಿವಿಗೆ ಕೇಳುವುದಿಲ್ಲ.

ಈ ಶಬ್ದ ನೀರಿನಲ್ಲಿ ಸುಲಭವಾಗಿ ಸಾಗುತ್ತದೆ. ಗಾಳಿಯನ್ನು ದಾಟಲಾರದು. ಅದಕ್ಕೇ ಮೈಗೆ ತಣ್ಣನೆಯ ಲೋಳೆ ಹಚ್ಚುತ್ತಾರೆ. ಯಂತ್ರಕ್ಕೂ ಚರ್ಮಕ್ಕೂ ನಡುವೆ ಗಾಳಿ ಇರಬಾರದು.

ಚೆನ್ನಾಗಿರುವ ಶ್ವಾಸಕೋಶದ ತುಂಬ ಗಾಳಿ. ಶಬ್ದ ಅದರ ಅಂಚಿನಿಂದಲೇ ವಾಪಸ್ಸು ಬರುತ್ತದೆ. ನ್ಯುಮೋನಿಯಾ ಆದಾಗ ಗಾಳಿಯ ಜಾಗದಲ್ಲಿ ಕೀವು, ನೀರು ತುಂಬುತ್ತದೆ. ಅದು ಅಂಚಿನವರೆಗೆ ಬಂದಿದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಶ್ವಾಸಕೋಶದ ಸುತ್ತ ನಿಂತ ನೀರಂತೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ರೋಗ ಒಳಗೆ, ಗಾಳಿಯ ಹಿಂದೆ ಇದ್ದರೆ ಕಾಣುವುದಿಲ್ಲ. ಆಗ ಎಕ್ಸ್‌ರೇಯೇ ಬೇಕು.

ಪುಟ್ಟ ತಾಯಿಯ ತೊಡೆಯ ಮೇಲೆ ಕೂತಿದ್ದ. ಹಾಗೇ ಸ್ಕ್ಯಾನಿಂಗ್ ಮಾಡಿದರು. ಶ್ವಾಸಕೋಶದ ಸುತ್ತ ಕೀವು ತುಂಬಿತ್ತು! ಡಾಕ್ಟರರು ಸಣ್ಣ ನಳಿಕೆ ಹಾಕಿ ಅದನ್ನು ತೆಗೆದರು. ಇಂಜೆಕ್ಷನ್ ಮುಂದುವರಿಸಿದರು. ಕೀವು ಕಡಿಮೆ ಆಯಿತೇ ಎಂದು ಮತ್ತೆ ಎರಡು ಸಲ ಸ್ಕ್ಯಾನಿಂಗ್‌ನಲ್ಲೇ ನೋಡಿದರು. ಜ್ವರ ಇಳಿಯಿತು. ಪುಟ್ಟ ಅಜ್ಜಿಯ ಹತ್ತಿರ ಅನ್ನ ಕೇಳಿದ.

ಇನ್ನೊಂದು ಯಂತ್ರ

ದೊಡ್ಡ ಆಸ್ಪತ್ರೆಗಳಲ್ಲಿ ಎಂಆರ್‌ಐ ಎಂಬ ಯಂತ್ರ ಇದೆ. ಅದರಲ್ಲಿಯೂ ಎಕ್ಸ್‌ರೇ ಕಿರಣ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಅದು ಕೆಲಸ ಮಾಡುತ್ತದೆ. ಕೆಲವು ಮಕ್ಕಳಿಗೆ ಬಹಳ ವರ್ಷ ಕಾಡುವ ಶ್ವಾಸಕೋಶದ ರೋಗ ಇರುತ್ತದೆ. ಅವರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ. ಅಂಥವರಿಗೆ ಇದು ಅನುಕೂಲ. ಸಿ.ಟಿ. ಸ್ಕ್ಯಾನ್ ಬೇರೆ. ಅದರಲ್ಲಿ ಎಕ್ಸ್‌ರೇಗಿಂತ ಬಹಳ ಹೆಚ್ಚು ಕಿರಣ ಇರುತ್ತದೆ.

ಎಂಆರ್‌ಐ ಯಂತ್ರ ಜೋರಾಗಿ ಟಕ್ ಟಕ್ ಎನ್ನುತ್ತದೆ. ಮಗು ಅಲುಗಾಡದೆ ಮಲಗಬೇಕು. ಸಣ್ಣ ಮಕ್ಕಳಿಗೆ ನಿದ್ದೆಯ ಔಷಧಿ ಬೇಕಾಗಬಹುದು. ಉಡಿದಾರದ ಬೆಳ್ಳಿ, ಕಾಲ್ಗೆಜ್ಜೆ ಎಲ್ಲ ತೆಗೆದಿಡಬೇಕು.

ನೆನಪಿಡಿ

ಮಗು ಅಳದೆ ಇದ್ದಾಗ ಒಂದು ನಿಮಿಷ ಉಸಿರು ಎಣಿಸಿ.
ಎರಡು ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು.
ಎರಡು ತಿಂಗಳಿಂದ ಒಂದು ವರ್ಷದೊಳಗೆ: 50 ಅಥವಾ ಹೆಚ್ಚು.
ಒಂದರಿಂದ ಐದು ವರ್ಷದೊಳಗೆ: 40 ಅಥವಾ ಹೆಚ್ಚು.
ಇಷ್ಟಿದ್ದರೆ, ಇಲ್ಲವೇ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

"ಈ ಪರೀಕ್ಷೆ ಯಾಕೆ? ಎಕ್ಸ್‌ರೇ ಕಿರಣ ಇಲ್ಲದ ಪರೀಕ್ಷೆ ಸಾಕಾ?" ಎಂದು ಡಾಕ್ಟರನ್ನು ಕೇಳಿ. ಕೇಳುವುದು ತಪ್ಪಲ್ಲ.

ಹಳೆಯ ಎಕ್ಸ್‌ರೇ ಎಸೆಯಬೇಡಿ. ಮುಂದಿನ ಸಲ ತೆಗೆದುಕೊಂಡು ಹೋಗಿ.

ನೀವು ಬಸುರಿಯಾಗಿದ್ದರೆ ಎಕ್ಸ್‌ರೇ ಕೋಣೆಯಲ್ಲಿ ಮೊದಲೇ ಹೇಳಿ. ಮಗುವನ್ನು ಬೇರೆಯವರು ಹಿಡಿದುಕೊಳ್ಳಲಿ.