ಜತ್ತದ ನೀರಿನ ಕಥೆ

ಮಕ್ಕಳೇ, ಜತ್ತವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ತಾಲೂಕು ಪಟ್ಟಣ. ಹಿಂದೆ ಇದು ಡಫಳೆ ಮನೆತನದ ಸಂಸ್ಥಾನವಾಗಿತ್ತು; 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಲ್ಲಿಯ ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ.

ಮಳೆ ಕಡಿಮೆಯಾದ ಈ ನಾಡಿನ ಮುಖ್ಯ ಬೆಳೆಗಳು ಜೋಳ, ಸಜ್ಜೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಅನೇಕ ರೈತರು ಕಲ್ಲು ಒಡೆದು ಹೊಟ್ಟೆ ಹೊರೆದರು. ಇಂದಿಗೂ ಜತ್ತ ತಾಲೂಕಿನಿಂದ ಹಲವು ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಶಾಲೆಯಲ್ಲಿ ಅವರ ಮಕ್ಕಳ ಜಾಗ ಖಾಲಿ ಉಳಿಯುತ್ತದೆ.

ಕೃಷ್ಣಾ ನದಿಯ ನೀರನ್ನು ಪಂಪುಗಳಿಂದ ಮೇಲೆತ್ತುವ ಮ್ಹೈಸಾಳ ಯೋಜನೆ ತಾಲೂಕಿನ ಕೆಲವು ಊರುಗಳನ್ನು ತಲುಪಿದೆ. ನೀರು ಸಿಕ್ಕಲ್ಲಿ ದ್ರಾಕ್ಷಿ, ದಾಳಿಂಬೆ ತೋಟಗಳು ಎದ್ದಿವೆ.

ಇದೇ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಎರಡೂ ರಾಜ್ಯಗಳ ಜನ ನಡೆದು ಬರುತ್ತಾರೆ. ಬರದ ನಾಡಾದರೂ ಅಲ್ಲಿ ಬಂದವರಿಗೆಲ್ಲ ದಾಸೋಹವುಂಟು.

ನಿಮ್ಮ ಊರಿನ ಬಾವಿಯಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ? ಹಿರಿಯರನ್ನು ಕೇಳಿ ಬರೆಯಿರಿ.