ಪಾತ್ರಕ್ಕೆ ದುಡ್ಡು ಕಟ್ಟುವ ನಾಡಿನಲ್ಲಿ ಶಿಷ್ಯವೇತನ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ‘ಕುರುಕ್ಷೇತ್ರ’ ಆಡಬೇಕೆಂದು ತೀರ್ಮಾನವಾದರೆ ಊರವರು ಮೊದಲು ಕೂರುವುದು ಲೆಕ್ಕಕ್ಕೆ. ದುರ್ಯೋಧನನ ಪಾರ್ಟಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು, ಎರಡು ಮಾತಾಡಿ ಒಳಗೆ ಹೋಗುವವನಿಗೆ ಇಷ್ಟು ಎಂದು ದರ ಗೊತ್ತಾಗುತ್ತದೆ. ದುಡ್ಡು ಕೊಡುವವನು ಪಾತ್ರಧಾರಿಯೇ. ಕಬ್ಬು ಕಡಿದ ಮೇಲೆ ಬಂದದ್ದೋ, ರೇಷ್ಮೆಗೂಡು ಮಾರಿದ್ದೋ, ಸಂಬಳದಲ್ಲಿ ಉಳಿಸಿದ್ದೋ, ಅಂತೂ ಕಿರೀಟ ಇಡುವ ಆಸೆಗೆ ಜೇಬಿನಿಂದ ಹೊರಬರುತ್ತದೆ. ಆ ಹಣ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸಿದ ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ, ಮೈಕು ಪೆಂಡಾಲಿನವರಿಗೆ ಹಂಚಿಹೋಗುತ್ತದೆ. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವ ಮುಗಿಯುವ ಹೊತ್ತಿಗೆ ದುರ್ಯೋಧನ ಸತ್ತಿರುತ್ತಾನೆ, ಪಾತ್ರಧಾರಿ ಖುಷಿಯಾಗಿರುತ್ತಾನೆ.

ಕಲೆಗೆ ಇಲ್ಲಿ ದುಡ್ಡಿಲ್ಲ ಎನ್ನುವವರು ಈ ಲೆಕ್ಕದ ಪುಸ್ತಕವನ್ನು ನೋಡಿಲ್ಲ. ದುಡ್ಡಿದೆ, ಧಾರಾಳವಾಗಿಯೇ ಇದೆ. ಆದರೆ ಅದು ಹರಿಯುವುದು ಹವ್ಯಾಸಿಯ ಜೇಬಿನಿಂದ ರಂಗದ ಕಡೆಗೆ. ಹೊಲ, ನೌಕರಿ, ಅಂಗಡಿ ಇದ್ದವನಿಗೆ ಇದು ಸರಿಹೊಂದುವ ಏರ್ಪಾಡು. ಹತ್ತೊಂಬತ್ತು ವರ್ಷದ ಹುಡುಗನೋ ಹುಡುಗಿಯೋ ಇದನ್ನೇ ಬದುಕು ಮಾಡಿಕೊಳ್ಳುತ್ತೇನೆ ಎಂದು ಹೊರಟರೆ ಕೈ ಹಿಡಿಯುವುದಿಲ್ಲ. ಪಾರ್ಟಿಗೆ ಕಟ್ಟಲು ಅವರ ಬಳಿ ಹಣವಿಲ್ಲ. ಹಣ ಪಡೆಯುವ ಮೇಷ್ಟ್ರಾಗಲು ಇನ್ನೂ ಹತ್ತು ವರ್ಷ ಬೇಕು. ಈ ನಡುವಿನ ಹತ್ತು ವರ್ಷಕ್ಕೆಂದೇ ಕೆಲವು ಸಣ್ಣ ಶಿಷ್ಯವೇತನಗಳು, ಸಹಾಯಧನಗಳು ಇವೆ. ಊರ ಜಗಲಿಯ ಮಾತಿನಲ್ಲಿ ಅವುಗಳ ಹೆಸರು ಕೇಳಿಬರುವುದು ಕಡಿಮೆ.

ಅವುಗಳಲ್ಲಿ ಮುಖ್ಯವಾದದ್ದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ಶಿಷ್ಯವೇತನ. 18ರಿಂದ 25 ವರ್ಷದೊಳಗಿನವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 400 ಮಂದಿಗೆ ಅವಕಾಶ. ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ, ಚಿತ್ರಕಲೆ, ಶಿಲ್ಪಗಳ ಜೊತೆಗೆ ಜನಪದ ಹಾಡು, ಕುಣಿತ, ಗೊಂಬೆಯಾಟಗಳೂ ಇದರಲ್ಲಿ ಸೇರಿವೆ. ಇದನ್ನು ನಡೆಸುವುದು ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ. ಎಲ್ಲರ ಬಾಯಲ್ಲೂ ಅದು ಸಿಸಿಆರ್‌ಟಿ. 1979ರಲ್ಲಿ ಶುರುವಾದ ಈ ಕೇಂದ್ರ 10ರಿಂದ 14 ವರ್ಷದ ಮಕ್ಕಳಿಗಾಗಿ 1982ರಿಂದ ಸಾಂಸ್ಕೃತಿಕ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನವನ್ನೂ ಕೊಡುತ್ತಿದೆ. ಅದು ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿಗೆ ಕಟ್ಟಿದ ಶುಲ್ಕ ಗರಿಷ್ಠ 9,000. ಮೊತ್ತ ಚಿಕ್ಕದು. ಆದರೆ ಒಮ್ಮೆ ಆಯ್ಕೆಯಾದ ಮಗು ಕಲಿಕೆ ಬಿಡದಿದ್ದರೆ ಇಪ್ಪತ್ತು ವರ್ಷದವರೆಗೂ ನೆರವು ಮುಂದುವರಿಯಬಹುದು ಎಂಬುದೇ ಅದರ ಬೆಲೆ.

ತಿಂಗಳಿಗೆ ಐದು ಸಾವಿರಕ್ಕೆ ಏನು ಬರುತ್ತದೆ ಎಂದು ಕೇಳುವವರು ಮಳವಳ್ಳಿಯಿಂದ ಲೆಕ್ಕ ಹಾಕಬೇಕು. ಮಂಡ್ಯಕ್ಕೂ ಮದ್ದೂರಿಗೂ ಬೆಂಗಳೂರು–ಮೈಸೂರು ರೈಲಿದೆ. ಮಳವಳ್ಳಿಗೆ ರೈಲಿಲ್ಲ. ಅಲ್ಲಿನ ವಿದ್ಯಾರ್ಥಿ ವಾರಕ್ಕೆರಡು ಬಾರಿ ಮೈಸೂರಿಗೆ ಪಾಠಕ್ಕೆ ಹೋಗಿಬರಬೇಕೆಂದರೆ ಬಸ್ಸೇ ಗತಿ. ಗುರುದಕ್ಷಿಣೆ, ಬಸ್ಸಿನ ಖರ್ಚು, ಹೊರಗಿನ ಊಟ, ತಬಲಾಕ್ಕೆ ಹೊಸ ಚರ್ಮ ಎಂದರೆ ಐದು ಸಾವಿರ ಅಲ್ಲಿಗೆ ಅಲ್ಲಿಗೆ. ಮನೆಗೆ ಕೊಡಲು ಏನೂ ಉಳಿಯುವುದಿಲ್ಲ, ಮನೆಯಿಂದ ಕೇಳಬೇಕಾಗಿಯೂ ಬರುವುದಿಲ್ಲ. ಅಪ್ಪ ಅಮ್ಮನ ಮುಂದೆ ಕೈಯೊಡ್ಡದೆ ಕಲಿಯುವುದು ಆ ವಯಸ್ಸಿನಲ್ಲಿ ಸಣ್ಣ ವಿಷಯವೇನಲ್ಲ. 2023ರ ಜೂನ್‌ನಲ್ಲಿ ಶುರುವಾದ ‘ಶಕ್ತಿ’ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಸಂಗೀತ ಕಲಿಯುವ ಹೆಣ್ಣುಮಕ್ಕಳ ಬಸ್ ಚಾರ್ಜನ್ನು ತೆಗೆದುಹಾಕಿದ ಈ ಯೋಜನೆಗೆ ಯಾವ ಅಕಾಡೆಮಿಯ ಹೆಸರೂ ಇಲ್ಲ. ಆದರೂ ಕಲಾ ವಿದ್ಯಾರ್ಥಿನಿಯರಿಗೆ ಸಿಕ್ಕ ಅತಿ ವ್ಯಾಪಕವಾದ ಸಹಾಯಧನ ಬಹುಶಃ ಅದೇ.

ಅರ್ಜಿಯಲ್ಲೇ ತೊಡಕು. ಯುವ ಕಲಾವಿದರ ಶಿಷ್ಯವೇತನಕ್ಕೆ ಗುರುವಿನ ಬಳಿಯೋ ಸಂಸ್ಥೆಯಲ್ಲೋ ಕನಿಷ್ಠ ಐದು ವರ್ಷ ಕಲಿತಿರಬೇಕು. ಭರತನಾಟ್ಯದ ಶಾಲೆಗೆ ಹೋದವರಿಗೆ ಇದು ಕಷ್ಟವಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗಳ ಪ್ರಮಾಣಪತ್ರ ಇರುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಆ ಪರಂಪರೆಯ ನೀಲಗಾರರು ದೀಕ್ಷೆ ಪಡೆದು, ತಂಬೂರಿ, ಡಗ್ಗ, ತಾಳ, ಗಗ್ಗರ ಹಿಡಿದು ಹಾಡುವವರು. ಅಲ್ಲಿ ಕಲಿಕೆ ನಡೆಯುವುದು ಜಾತ್ರೆಯಲ್ಲಿ, ಮನೆ ಮುಂದಿನ ಚಪ್ಪರದಲ್ಲಿ, ಹಿರಿಯರ ಹಿಂದೆ ಕುಳಿತು ಸೊಲ್ಲು ಹಿಡಿಯುತ್ತ. ರಾತ್ರಿಯಿಡೀ ಹಾಡುವಷ್ಟು ಕಥನ ನಾಲಿಗೆಯ ಮೇಲಿರುವ ಹುಡುಗನಿಗೆ ‘ನಿನ್ನ ಗುರು ಯಾರು, ಯಾವ ದಿನಾಂಕದಿಂದ ಕಲಿಯುತ್ತಿದ್ದೀಯ’ ಎಂದು ಕೇಳಿದರೆ ಅವನು ಏನೆಂದು ಬರೆಯಬೇಕು? ಗುರು ಎಂದರೆ ಅಜ್ಜ. ದಿನಾಂಕ ಎಂದರೆ ಹುಟ್ಟಿದಾಗಿನಿಂದ.

ಪೂಜಾ ಕುಣಿತಕ್ಕೂ ತಮಟೆಗೂ ಇದೇ ಮಾತು. ದೇವರ ಪೂಜೆಯನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು, ತೂಕ ತಪ್ಪದೆ ಕುಣಿಯುವ ಕಲೆ ಮಂಡ್ಯ ಜಿಲ್ಲೆಯ ಹೆಮ್ಮೆ. ಅದಕ್ಕೆ ಪರೀಕ್ಷಾ ಮಂಡಳಿ ಇಲ್ಲ, ಇರಬೇಕೆಂದೂ ಇಲ್ಲ. ಪಾರಂಪರಿಕ ಕಲಾವಿದರ ಮನೆಯ ಮಕ್ಕಳಿಗೆಂದು ಸಿಸಿಆರ್‌ಟಿಯ ಬಾಲ ವಿದ್ಯಾರ್ಥಿವೇತನದಲ್ಲಿ ಪ್ರತ್ಯೇಕ ಪಾಲು ಇದೆ. 650 ವೇತನಗಳಲ್ಲಿ ಒಂದಷ್ಟು ಅವರಿಗೇ ಮೀಸಲು. ನಿಯಮ ಮಾಡಿದವರಿಗೆ ಇಂಥ ಮನೆಗಳು ಕಣ್ಣಿಗೆ ಬಿದ್ದಿವೆ ಎಂಬುದು ಸಮಾಧಾನ. ಆದರೆ ಅರ್ಜಿ ನಮೂನೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ಅದನ್ನು ತುಂಬಿಕೊಡುವ ಶಾಲಾ ಮೇಷ್ಟ್ರೊಬ್ಬರು ಸಿಗದಿದ್ದರೆ ಮೀಸಲು ಮೀಸಲಾಗಿಯೇ ಉಳಿಯುತ್ತದೆ.

ಗುರುವನ್ನೂ ಶಿಷ್ಯರನ್ನೂ ಒಟ್ಟಿಗೆ ನೋಡುವ ಯೋಜನೆಯೂ ಒಂದಿದೆ. ಕರ್ನಾಟಕವೂ ಸೇರಿದ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ತಂಜಾವೂರಿನಲ್ಲಿದೆ. ವಲಯ ಕೇಂದ್ರಗಳ ಗುರು–ಶಿಷ್ಯ ಪರಂಪರೆ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 7,500, ಪಕ್ಕವಾದ್ಯದವರಿಗೆ 3,750, ಪ್ರತಿ ಶಿಷ್ಯನಿಗೆ 1,500 ರೂಪಾಯಿ. ನೀಲಗಾರರ ಪದಕ್ಕೋ ಪೂಜಾ ಕುಣಿತಕ್ಕೋ ಇದೇ ಹೆಚ್ಚು ಹೊಂದುವ ನಮೂನೆ. ಶಿಷ್ಯ ಊರು ಬಿಡಬೇಕಾಗಿಲ್ಲ, ಗುರುವಿಗೆ ಕಲಿಸುವುದೇ ಕೆಲಸವಾಗುತ್ತದೆ. ಒಂದೂವರೆ ಸಾವಿರ ಇಂದಿನ ಕೂಲಿಯ ಲೆಕ್ಕದಲ್ಲಿ ನಾಲ್ಕು ದಿನದ ದುಡಿಮೆಗೂ ಸಾಟಿಯಲ್ಲ ಎಂಬುದು ಬೇರೆ ಮಾತು.

ಹೀಗೆ ಎಳೆಯ ಕಲಾವಿದನ ಮೇಲೆ ಸ್ವಲ್ಪ ಹಣ ಹೂಡುವ ರೂಢಿ ಈ ಸೀಮೆಗೆ ಹೊಸದಲ್ಲ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಈ ಮೂರೂ ಊರುಗಳು ಮೈಸೂರು ಜಿಲ್ಲೆಯವು, ಕಲಾವಿದರು ಕಣ್ಣು ನೆಟ್ಟಿದ್ದೂ ಮೈಸೂರು ಅರಮನೆಯ ಮೇಲೆಯೇ. 1909ರಲ್ಲಿ ಆ ಅರಮನೆ ಚಿತ್ರಗಾರರ ಮನೆತನದ, ಇಪ್ಪತ್ತಮೂರರ ಆಸುಪಾಸಿನ ಕೆ. ವೆಂಕಟಪ್ಪ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿತು. ಅಲ್ಲಿ ಅವರು ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಊಟಿಯ ನಿಸರ್ಗಚಿತ್ರಗಳ ಮುಂದೆ ನಿಂತವರಿಗೆ ಆ ವಿದ್ಯಾರ್ಥಿವೇತನ ಎಲ್ಲಿಗೆ ಮುಟ್ಟಿತು ಎಂದು ಹೇಳಬೇಕಾಗಿಲ್ಲ. ಅದೇ ಅರಮನೆಯ ಜಯಚಾಮರಾಜ ಒಡೆಯರು ಮುಂದೆ ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಕಾವೇರಿ ಬಯಲಿನ ಕಂದಾಯ ಲಂಡನ್ನಿನ ಸ್ಟುಡಿಯೋ ಸೇರಿದ ಕಥೆ ಇದು. ಆಗ ಮೆಟ್ನರ್‌ಗೆ ಎಪ್ಪತ್ತರ ಹತ್ತಿರ, ದಾನಿಗೆ ಮೂವತ್ತು ತುಂಬಿರಲಿಲ್ಲ.

ಅರಮನೆಯ ಹಂಗಿಲ್ಲದೆ ನಡೆದ ಇನ್ನೊಂದು ಉದಾಹರಣೆ ಇದಕ್ಕಿಂತ ಹತ್ತಿರದ್ದು. ಬಂಟ್ವಾಳ ತಾಲ್ಲೂಕಿನ ಮಂಚಿಯಿಂದ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ್ದ ಹುಡುಗನನ್ನು ಗುಬ್ಬಿ ವೀರಣ್ಣನವರು ಓದಲು ಬನಾರಸಿಗೆ ಕಳಿಸಿದರು. ಆತ ಅಲ್ಲಿ ಎಂ.ಎ. ಮಾಡಿದ, ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತ. ಅವರೇ ಬಿ.ವಿ. ಕಾರಂತ. ನಾಟಕ ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಹೋದ ಆ ಹಣಕ್ಕೆ ಅರ್ಜಿ, ಸಂದರ್ಶನ ಏನೂ ಇರಲಿಲ್ಲ; ಯಜಮಾನನ ಕಣ್ಣೇ ಆಯ್ಕೆ ಸಮಿತಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅದರ ಮೊದಲ ತಂಡದಲ್ಲಿ, ನೀನಾಸಂನಲ್ಲಿ ಕಲಿತು ಬಂದ ಮಂಡ್ಯ ರಮೇಶ್ ಇದ್ದರು. ಅವರು ಮುಂದೆ ಮೈಸೂರಿನಲ್ಲೇ ‘ನಟನ’ ಎಂಬ ರಂಗಶಾಲೆ ತೆರೆದರು. ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ ಇಂದು ವರ್ಷದ ಡಿಪ್ಲೊಮಾ ಕೊಡುತ್ತದೆ, ಕಲಿಯುವವರಿಗೆ ತಿಂಗಳ ವೇತನವನ್ನೂ ಕೊಡುತ್ತದೆ. ಕುರುಕ್ಷೇತ್ರದಲ್ಲಿ ಅಭಿಮನ್ಯುವಿನ ಪಾರ್ಟಿಗೆ ದುಡ್ಡು ಕಟ್ಟಲಾರದ ಮಂಡ್ಯದ ಹುಡುಗನಿಗೆ, ದುಡ್ಡು ಪಡೆದು ನಟನೆ ಕಲಿಯುವ ಜಾಗ ಇರುವುದು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ.

ರಾಜ್ಯ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಹಣ ಯುವಕರಿಗೆ ತಲುಪುವುದು ಹೆಚ್ಚಾಗಿ ಕಾರ್ಯಕ್ರಮದ ರೂಪದಲ್ಲಿ. ಮಕ್ಕಳಿಗೆ ‘ಚಿಗುರು’, ಯುವಜನರಿಗೆ ‘ಯುವ ಸೌರಭ’, ಜೊತೆಗೆ ವಾದ್ಯ, ವೇಷಭೂಷಣ ಕೊಳ್ಳಲು ಸಹಾಯಧನ. ವೇದಿಕೆ ಸಿಗುತ್ತದೆ, ಸಂಭಾವನೆ ಬರುತ್ತದೆ, ಫೋಟೊ ಆಗುತ್ತದೆ. ಆದರೆ ಒಂದು ಸಂಜೆಯ ಸಂಭಾವನೆಗೂ ಎರಡು ವರ್ಷದ ಶಿಷ್ಯವೇತನಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಕಲಿತದ್ದಕ್ಕೆ ಕೊಡುವ ಕೂಲಿ, ಎರಡನೆಯದು ಕಲಿಯಲು ಕೊಡುವ ಕಾಲಾವಕಾಶ. ಇಲಾಖೆಯ ತಿಂಗಳ ನೆರವೆಂದರೆ ಎಲ್ಲರಿಗೂ ನೆನಪಾಗುವುದು ಕಲಾವಿದರ ಮಾಸಾಶನ. ಅದಕ್ಕೆ 58 ವರ್ಷವಾಗಬೇಕು. ಇಪ್ಪತ್ತರಿಂದ ಐವತ್ತೆಂಟರವರೆಗೆ ತಮಟೆಯವನು ಹೇಗೆ ಬದುಕಿದ ಎಂದು ಯಾವ ಕಡತವೂ ಕೇಳುವುದಿಲ್ಲ.

ಮಂಡ್ಯ ಜಿಲ್ಲೆಗೆ ಈ ವಿಷಯದಲ್ಲಿ ಇಬ್ಬರು ಹಿರಿಯರ ನೆನಪು ಸಹಜ. ಇಬ್ಬರೂ 1915ರಲ್ಲಿ ಹುಟ್ಟಿದವರು. ಜನತಾ ಶಿಕ್ಷಣ ಟ್ರಸ್ಟ್ ಕಟ್ಟಿದ ಕೆ.ವಿ. ಶಂಕರಗೌಡರು ಸಚಿವರಾಗಿದ್ದವರು, ಜೊತೆಗೆ ಸ್ವತಃ ಬಣ್ಣ ಹಚ್ಚಿದ ರಂಗಪ್ರೇಮಿ. ಅವರ ಹೆಸರಿನ ರಂಗಭೂಮಿ ಪ್ರಶಸ್ತಿಯನ್ನು ಮಂಡ್ಯದ ಕರ್ನಾಟಕ ಸಂಘ ನಡೆಸಿಕೊಂಡು ಬಂದಿದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಆಮೇಲೆ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಮದ್ದೂರಿನಿಂದ ಹೆದ್ದಾರಿ ಹಿಡಿದರೆ ಅದು ದೂರವಲ್ಲ. ಜನಪದ ಕಲೆಗಳ ತರಬೇತಿ ಅಲ್ಲಿ ನಡೆಯುತ್ತದೆ.

ಸಂಘಗಳಲ್ಲೂ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ಇರುವ ಖಾಸಗಿ ದಾನದ ರೂಪ ‘ದತ್ತಿ’. ಅಪ್ಪನ ಹೆಸರಿನಲ್ಲೋ ಅಮ್ಮನ ಹೆಸರಿನಲ್ಲೋ ಒಂದು ಇಡುಗಂಟು ಇಡುತ್ತಾರೆ, ಅದರ ಬಡ್ಡಿಯಲ್ಲಿ ಪ್ರತಿವರ್ಷ ಒಂದು ಉಪನ್ಯಾಸ, ಒಂದು ಪ್ರಶಸ್ತಿ. ಒಳ್ಳೆಯ ಏರ್ಪಾಡು, ಬಂಡವಾಳ ಕರಗುವುದಿಲ್ಲ, ಹೆಸರು ಉಳಿಯುತ್ತದೆ. ಕೊರತೆ ಎಂದರೆ ದತ್ತಿಯ ಹಾರ ಬೀಳುವುದು ಬಹುಪಾಲು ನರೆತ ತಲೆಗಳಿಗೆ. ಅದೇ ಬಡ್ಡಿಯಲ್ಲಿ ಒಬ್ಬ ಹುಡುಗಿಗೆ ವರ್ಷದ ವೀಣೆ ಪಾಠದ ಫೀಸು ಕಟ್ಟಬಹುದು. 2024ರ ಡಿಸೆಂಬರ್‌ನಲ್ಲಿ ಜಾನಪದ ವಿದ್ವಾಂಸ ಗೊ.ರು. ಚನ್ನಬಸಪ್ಪ ಅವರ ಅಧ್ಯಕ್ಷತೆಯಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಸಿದ ಮಂಡ್ಯಕ್ಕೆ ಇಂಥದ್ದೊಂದು ದತ್ತಿ ಹೊರಲಾರದ ಭಾರವೇನಲ್ಲ.

ಬರೆಯುವವರ ಪಾಡು ತುಸು ವಾಸಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಛಂದ ಪುಸ್ತಕ ಹೊಸ ಕತೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಅಚ್ಚು ಹಾಕುತ್ತದೆ, ಮೂವತ್ತರೊಳಗಿನವರಿಗೆ ಬೆಂಗಳೂರಿನ ಟೋಟೊ ಪ್ರಶಸ್ತಿ ಕನ್ನಡದಲ್ಲೂ ಇದೆ.

ಭಾಷೆಯ ಅಡ್ಡಗೋಡೆ ಇಲ್ಲದ ಒಂದು ಬಾಗಿಲೂ ಬೆಂಗಳೂರಿನಲ್ಲಿದೆ. 1993ರಲ್ಲಿ ಹುಟ್ಟಿ 1995ರಿಂದ ಅನುದಾನ ಕೊಡುತ್ತಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಪ್ರಸ್ತಾವ ಕಳಿಸಬಹುದು. ಅದರ ‘ಕಲಿ ಕಲಿಸು’ ಯೋಜನೆ ಸರ್ಕಾರಿ ಶಾಲೆಯ ಶಿಕ್ಷಕರಿಗೇ ಅನುದಾನ ಕೊಟ್ಟು, ಊರಿನ ಕಲೆಯನ್ನು ತರಗತಿಗೆ ತರುವ ಕೆಲಸ ಮಾಡಿಸಿದೆ. ಕಲೆ ಗೊತ್ತಿರುವ ಅಜ್ಜ, ಬರೆಯಲು ಗೊತ್ತಿರುವ ಮೇಷ್ಟ್ರು, ಕಲಿಯುವ ಮಕ್ಕಳು ಒಂದೇ ಊರಲ್ಲಿರುವ ಮಳವಳ್ಳಿಯಂಥ ತಾಲ್ಲೂಕಿಗೆ ಇದು ಹೇಳಿ ಮಾಡಿಸಿದ ದಾರಿ.

ಅರ್ಜಿ ಹಾಕುವ ಮನಸ್ಸಿದ್ದವರು ಅಧಿಸೂಚನೆ ಬರುವ ತನಕ ಕಾಯಬಾರದು. ಕಾರ್ಯಕ್ರಮದ ಕರಪತ್ರ, ಪತ್ರಿಕೆಯ ತುಣುಕು, ದಿನಾಂಕ ಬರೆದಿಟ್ಟ ಫೋಟೊ, ಮೊಬೈಲಿನಲ್ಲೇ ತೆಗೆದ ಹತ್ತು ನಿಮಿಷದ ವಿಡಿಯೊ, ಜನ್ಮದಿನಾಂಕದ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಇವಿಷ್ಟನ್ನು ಮೊದಲೇ ಜೋಡಿಸಿಡಬೇಕು. ಜನಪದ ಕಲಾವಿದರ ಮನೆಯಾದರೆ ಅಜ್ಜನೋ ಸೋದರಮಾವನೋ ಇಂಥ ವರ್ಷದಿಂದ ಕಲಿಸುತ್ತಿದ್ದಾರೆ ಎಂದು ಕನ್ನಡದಲ್ಲೇ ಒಂದು ಪತ್ರ ಬರೆಸಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿ, ಶಾಲೆಯ ಮುಖ್ಯೋಪಾಧ್ಯಾಯರಿಂದ ದೃಢೀಕರಣ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ವಯೋಮಿತಿ, ಮೊತ್ತ ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು. ಆಯ್ಕೆಯಾದವರಿಗೆ ಯುವ ಕಲಾವಿದರ ಶಿಷ್ಯವೇತನ ಬರುವುದು ತಿಂಗಳು ತಿಂಗಳಲ್ಲ, ಆರು ತಿಂಗಳಿಗೊಮ್ಮೆ 30,000 ರೂಪಾಯಿಯಂತೆ ನಾಲ್ಕು ಕಂತಿನಲ್ಲಿ. ಕಲಿಕೆಯ ಪ್ರಗತಿಯ ವರದಿ ತಲುಪಿದ ಮೇಲಷ್ಟೇ ಮುಂದಿನ ಕಂತು.