ಮಂಡ್ಯದ ಗದ್ದೆಯಲ್ಲಿ ಸರ್ಕಾರದ ಸಂಶೋಧನೆ

ಮಂಡ್ಯದಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1948ರಲ್ಲಿ. ಸರ್ಕಾರದ ಸಂಶೋಧನಾ ಕೇಂದ್ರ ಅದಕ್ಕೂ ಹದಿನೇಳು ವರ್ಷ ಹಳೆಯದು. 1931ರಲ್ಲಿ ಮೈಸೂರು ಸರ್ಕಾರ ಇಲ್ಲಿ ಇರ್ವಿನ್ ನಾಲೆಯ ಹೆಸರಿನಲ್ಲಿ ಕೃಷಿ ಕ್ಷೇತ್ರವೊಂದನ್ನು ತೆರೆಯಿತು. ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂದಾಗ ಕ್ಷೇತ್ರವೂ ವಿ.ಸಿ. ಫಾರಂ ಆಯಿತು. ರಾಜ್ಯ ಸರ್ಕಾರ ಸಂಶೋಧನೆಗೆ ಹಾಕಿದ ಹಣ ಏನು ಮಾಡುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮೈಸೂರು ಸಂಸ್ಥಾನಕ್ಕೆ ಇಂಥ ಖರ್ಚು ಹೊಸದಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅದು 371 ಎಕರೆ ಜಮೀನಿನ ಜೊತೆಗೆ ಕಟ್ಟಡದಂಥ ಆರಂಭಿಕ ವೆಚ್ಚಕ್ಕೆ 5 ಲಕ್ಷ ರೂಪಾಯಿ, ನಡೆಸುವುದಕ್ಕೆ ವರ್ಷವರ್ಷವೂ 50 ಸಾವಿರ ರೂಪಾಯಿ ಒಪ್ಪಿಕೊಂಡಿತ್ತು. ಒಮ್ಮೆ ಕೊಡುವ ಹಣ, ಪ್ರತಿವರ್ಷ ಕೊಡುವ ಹಣ ಎಂಬ ಎರಡು ಲೆಕ್ಕ ಆಗಲೇ ಬೇರೆಬೇರೆ ಇದ್ದವು. ಹೆಬ್ಬಾಳದ ಕೃಷಿ ಕ್ಷೇತ್ರ 1899ರಲ್ಲಿ ರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಆರಂಭವಾಗಿತ್ತು. 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದ ಮೇಲೆ, 1913ರ ಹೊತ್ತಿಗೆ, ರಾಗಿ ತಳಿಗಳ ಆಯ್ಕೆ ಕ್ರಮಬದ್ಧವಾಗಿ ಶುರುವಾಯಿತು.

ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹರಿಯುವ ಕಾಲಕ್ಕೆ ತೊಡಕೊಂದು ಎದುರಾಯಿತು. ಸುಮಾರು 1 ಲಕ್ಷ 20 ಸಾವಿರ ಎಕರೆಗೆ ನೀರು ಕೊಡುವ ಯೋಜನೆ ಅದು. ಆದರೆ ಮಳೆ ನಂಬಿ ರಾಗಿ, ಹುರುಳಿ ಬೆಳೆದವರಿಗೆ ನಾಲೆ ನೀರಿನ ಬೇಸಾಯ ಹೊಸದು. ಎಲ್ಲರೂ ಭತ್ತವನ್ನೇ ಹಾಕಿದರೆ ನೀರು ಸಾಲದು. ಅದಕ್ಕಾಗಿ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳನ್ನು ಸರದಿಯಂತೆ ಬೆಳೆಸುವ ಪದ್ಧತಿ ಬಂತು. ಯಾವ ತಳಿ, ಎಷ್ಟು ನೀರು, ಯಾವ ಗೊಬ್ಬರ ಎಂಬುದನ್ನು ಈ ಮಣ್ಣಿನಲ್ಲೇ ಪರೀಕ್ಷಿಸಿ ಹೇಳುವ ಕೆಲಸ ಫಾರಂನದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬಿನ ಪ್ರಶ್ನೆಗಳೂ ಸೇರಿಕೊಂಡವು. ನಾಲೆ, ಕಾರ್ಖಾನೆ, ಸಂಶೋಧನೆ ಮೂರೂ ಎರಡು ಮೂರು ವರ್ಷದ ಅಂತರದಲ್ಲಿ ಬಂದವು. ಇಂದಿನ ಯೋಜನೆಗಳಲ್ಲಿ ಇಂಥ ಹೊಂದಾಣಿಕೆ ಅಪರೂಪ.

ಫಾರಂನ ದೊಡ್ಡ ಕೊಡುಗೆ ಮಾತ್ರ ನೀರಾವರಿಯ ಭತ್ತಕ್ಕಿಂತ ಹೆಚ್ಚಾಗಿ ರಾಗಿಯಲ್ಲಿ ಸಿಕ್ಕಿತು. ರಾಗಿಯ ಹೂವು ಬಹಳ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದು. ಎರಡು ತಳಿಗಳನ್ನು ಸಂಕರ ಮಾಡುವುದು ತಾಳ್ಮೆ ಕೆಡಿಸುವ ಕೆಲಸ. ವಿ.ಸಿ. ಫಾರಂನ ವಿಜ್ಞಾನಿ ಲಕ್ಷ್ಮಣಯ್ಯ ಈ ಕೆಲಸಕ್ಕೇ ದಶಕಗಳನ್ನು ಕೊಟ್ಟರು. ಅನ್ನಪೂರ್ಣ, ಕಾವೇರಿ ಮುಂತಾದ ತಳಿಗಳ ನಂತರ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಬೆರೆಸಿ ಇಂಡಾಫ್ ಸರಣಿಯನ್ನು ತಂದರು. ಇಂಡಾಫ್ 5, ಇಂಡಾಫ್ 9 ಎಂದು ಸಂಖ್ಯೆ ಹಿಡಿದೇ ರೈತರು ಬೀಜ ಕೇಳುವಷ್ಟು ಅವು ಹಬ್ಬಿದವು. ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. ಒಂದು ತಳಿ ಸ್ಥಿರವಾಗಲು ಹಲವು ಪೀಳಿಗೆಗಳ ಬೆಳೆ ಬೇಕು. ಮೂರು ವರ್ಷಕ್ಕೆ ಮುಗಿಯುವ ಅನುದಾನದಲ್ಲಿ ಇಂಡಾಫ್ ಹುಟ್ಟುವುದು ಕಷ್ಟವಿತ್ತು. ಸಂಬಳ, ಜಮೀನು, ಕೂಲಿ, ನೀರು ಇವಿಷ್ಟೂ ಸದ್ದಿಲ್ಲದೆ ಪ್ರತಿವರ್ಷ ಒದಗಿದ್ದೇ ಇಲ್ಲಿ ಕೆಲಸ ಮಾಡಿತು. ಕೆ.ಎಂ.ಆರ್. ಹೆಸರಿನ ರಾಗಿ ತಳಿಗಳು, ಬಿಳಿ ರಾಗಿಯ ಕೆ.ಎಂ.ಆರ್. 340 ಸೇರಿದಂತೆ, ಅದರ ಮುಂದುವರಿಕೆ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಶುರುವಾಯಿತು. ಫಾರಂ ಕೃಷಿ ಇಲಾಖೆಯ ಕೈಯಿಂದ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಹೋಯಿತು. ಹಣದ ಸ್ವರೂಪವೂ ಬದಲಾಯಿತು. ಮೂಲ ವೆಚ್ಚ ರಾಜ್ಯದ್ದು. ಅಖಿಲ ಭಾರತ ಸಮನ್ವಿತ ಯೋಜನೆಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಶೇ 75, ರಾಜ್ಯ ಶೇ 25 ಭರಿಸುವ ಕ್ರಮ. ಹೈಬ್ರಿಡ್ ಭತ್ತದ ರಾಷ್ಟ್ರೀಯ ಯೋಜನೆ 1989ರಲ್ಲಿ ಆರಂಭವಾದಾಗ ಮಂಡ್ಯವೂ ಅದರ ಕೇಂದ್ರಗಳಲ್ಲೊಂದಾಯಿತು. 1994ರಲ್ಲಿ ಕೆ.ಆರ್.ಎಚ್. 1, 1996ರಲ್ಲಿ ಕೆ.ಆರ್.ಎಚ್. 2 ಬಿಡುಗಡೆಯಾದವು. ಮೊದಲನೆಯದು ದೇಶದ ಮೊಟ್ಟಮೊದಲ ಕೆಲವೇ ಹೈಬ್ರಿಡ್ ಭತ್ತಗಳಲ್ಲಿ ಒಂದು. ಎರಡನೆಯದರ ಗಂಡು ಸಾಲು ಮಂಡ್ಯದಲ್ಲೇ ತಯಾರಾದ ಭತ್ತದ ಕೆ.ಎಂ.ಆರ್. 3. ಶೇ 25ರ ಪಾಲು ಸಣ್ಣದೆನಿಸಬಹುದು; ಆದರೆ ರಾಜ್ಯ ಸಾಕಿದ ಕ್ಷೇತ್ರ ಮೊದಲೇ ಇಲ್ಲದಿದ್ದರೆ ಉಳಿದ 75 ಬಂದು ನೆಲೆಯೂರಲು ಜಾಗವೇ ಇರುತ್ತಿರಲಿಲ್ಲ.

ಉನ್ನತ ಶಿಕ್ಷಣದ ಕಥೆ ಇಷ್ಟು ಸುಸೂತ್ರವಲ್ಲ. 1962ರಲ್ಲಿ ಜನತಾ ಶಿಕ್ಷಣ ಟ್ರಸ್ಟ್ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಸರ್ಕಾರಿ ವೈದ್ಯಕೀಯ ಸಂಸ್ಥೆ ಮಿಮ್ಸ್ ಬಂದದ್ದು 2006ರಲ್ಲಿ. 2019ರಲ್ಲಿ ಹಳೆಯ ಸರ್ಕಾರಿ ಕಾಲೇಜನ್ನೇ ವಿಶ್ವವಿದ್ಯಾಲಯವನ್ನಾಗಿ ಮೇಲೇರಿಸಲಾಯಿತು. ಉನ್ನತ ಶಿಕ್ಷಣಕ್ಕೆ ಕೇಂದ್ರ, ರಾಜ್ಯ ಸೇರಿ ಹಣ ಕೊಡುವ ರೂಸಾ ಯೋಜನೆಯಡಿ ಇದಕ್ಕೆ 55 ಕೋಟಿ ರೂಪಾಯಿ, ಕೇಂದ್ರ ಮತ್ತು ರಾಜ್ಯದ ಪಾಲು 60:40. ಕಟ್ಟಡ, ಉಪಕರಣಗಳಿಗೆ ಆಗುವ ಹಣ ಇದು. ಬೋಧಕರ ಕಾಯಂ ಹುದ್ದೆ, ಸಂಬಳ, ಪಿಂಚಣಿ ವರ್ಷವರ್ಷದ ಹೊರೆ. ಅದನ್ನು ರಾಜ್ಯವೇ ಹೊರಬೇಕು. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಮಿಕ್ಕಿ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿರುವುದು ಈ ಹೊರೆ ತಪ್ಪಿಸಿಕೊಳ್ಳುವ ದಾರಿಯೇ. ವರ್ಷಕ್ಕೊಮ್ಮೆ ನೇಮಕಗೊಳ್ಳುವವರಿಂದ ಐದು ವರ್ಷದ ಸಂಶೋಧನೆ ನಿರೀಕ್ಷಿಸುವಂತಿಲ್ಲ. 2025ರ ಆರಂಭದಲ್ಲಿ ಹಣದ ಕೊರತೆಯ ಕಾರಣಕ್ಕೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಾಗ ಆ ಪಟ್ಟಿಯಲ್ಲಿ ಮಂಡ್ಯವೂ ಇತ್ತು.

ಕಾಲೇಜುಗಳ ಪ್ರಯೋಗಾಲಯಗಳಿಗೆ ರಾಜ್ಯದ ಹಣ ಬರುವ ಸಣ್ಣ ಬಾಗಿಲುಗಳೂ ಇವೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮೂಹದ ಕೆ-ಫಿಸ್ಟ್ ಯೋಜನೆ ಕಾಲೇಜು ವಿಭಾಗಗಳಿಗೆ ಉಪಕರಣ ಕೊಳ್ಳಲು ಸ್ಪರ್ಧೆಯ ಮೂಲಕ ಅನುದಾನ ನೀಡುತ್ತದೆ.

ಮಂಡ್ಯ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು ನಡೆದ ಹೊತ್ತಿಗೇ ವಿ.ಸಿ. ಫಾರಂ ಕೂಡ ವಿಶ್ವವಿದ್ಯಾಲಯದ ಪಟ್ಟ ಏರಿದೆ. 1991ರಿಂದ ಅಲ್ಲಿ ಕೃಷಿ ಕಾಲೇಜು ಇತ್ತು. ಮಂಡ್ಯದಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಮಾಡುವ ತಿದ್ದುಪಡಿಗೆ 2025ರಲ್ಲಿ ವಿಧಾನಮಂಡಲ ಒಪ್ಪಿತು. ಜಮೀನು, ತಳಿ ಸಂಗ್ರಹ, ನಡೆಯುತ್ತಿರುವ ಸಮನ್ವಿತ ಯೋಜನೆಗಳು ಸಿದ್ಧವಾಗಿ ಸಿಕ್ಕಿರುವುದರಿಂದ ಇದರ ಆರಂಭ ಮಂಡ್ಯ ವಿಶ್ವವಿದ್ಯಾಲಯದ್ದಕ್ಕಿಂತ ಗಟ್ಟಿ. ಆಡಳಿತ ಕಚೇರಿ, ಕುಲಪತಿ, ಕುಲಸಚಿವರ ಖರ್ಚು ಮಾತ್ರ ಹೊಸದಾಗಿ ಸೇರುತ್ತದೆ. ಆ ಖರ್ಚು ತಳಿ ಅಭಿವೃದ್ಧಿಯ ಹುದ್ದೆಗಳ ಪಾಲನ್ನು ತಿನ್ನುತ್ತದೆಯೋ, ಬೇರೆ ಹಣದಿಂದ ಬರುತ್ತದೆಯೋ ಎಂಬುದು ಪ್ರತಿವರ್ಷದ ಬಜೆಟ್‌ನಲ್ಲಿ ಕಾಣಬೇಕಾದ ಸಂಗತಿ.